ಮೊಗ ಚೆನ್ನಾಗೇ ಅದ, ಆದರೂ ಚೆಕಪ್‌ಗೆ ಬನ್ನಿ

ಬ್ಲಾಕ್, ಸ್ಟೆಂಟ್, ಬೈಪಾಸ್. ಗುಂಡ್ಲುಪೇಟೆ ಕಡೆಯ ತೆರಕಣಾಂಬಿಯ ಟೀ ಅಂಗಡಿಗಳಲ್ಲಿ ಈ ಮಾತುಗಳಿಗೆ ಈಗ ಯಾರೂ ಅರ್ಥ ಕೇಳುವುದಿಲ್ಲ. ಅರವತ್ತು ದಾಟಿದ ಯಾರಾದರೊಬ್ಬರು ಮೈಸೂರಿನ ಜಯದೇವ ಹೃದಯ ಆಸ್ಪತ್ರೆಗೆ ಹೋಗಿ ಎರಡು ಸ್ಟೆಂಟ್ ಹಾಕಿಸಿಕೊಂಡು ಬಂದಿರುತ್ತಾರೆ. ಬೀಡಿ ಬಿಟ್ಟಿರುತ್ತಾರೆ, ಇಲ್ಲವೇ ಬಿಟ್ಟೆನೆಂದು ಮನೆಯವರಿಗೆ ಹೇಳಿರುತ್ತಾರೆ. ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು ಎಂದರೆ ಶುಗರ್, ಬಿಪಿ, ಬೀಡಿ, ವಯಸ್ಸು ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಅದೇ ಬ್ಲಾಕ್ ಏಳು ವರ್ಷದ ಮಗುವಿಗೆ ಆಗಿದೆ ಎಂದರೆ ಮಾತ್ರ ಕೇಳಿದವರು ನಂಬುವುದಿಲ್ಲ. ಮಗು ಬೀಡಿ ಸೇದಿಲ್ಲ, ಎಣ್ಣೆ ತಿಂಡಿ ತಿಂದು ದಪ್ಪಗಾಗಿಲ್ಲ. ಹುಟ್ಟಿದ ಹದಿನೈದು ದಿನಕ್ಕೇ ಹೃದಯದ ಆಪರೇಷನ್ ಆಗಿ, ಬದುಕಿ, ಶಾಲೆಗೆ ಹೋಗುತ್ತಿದೆ. ಅದಕ್ಕೆಲ್ಲಿಂದ ಬಂತು ಬ್ಲಾಕ್?

ಆ ಆಪರೇಷನ್ನಿನಿಂದಲೇ ಬಂತು ಎಂಬುದು ಉತ್ತರ. ಹಾಗೆಂದು ಆಪರೇಷನ್ ತಪ್ಪಾಯಿತು ಎಂದಲ್ಲ. ಅದು ಆಗದಿದ್ದರೆ ಮಗು ಉಳಿಯುತ್ತಿರಲಿಲ್ಲ.

ನಮ್ಮ ಕಡೆ ಹುಟ್ಟಿನಿಂದ ಬಂದ ಹೃದಯದ ತೊಂದರೆಗಳಿಗೆಲ್ಲ ‘ಹಾರ್ಟಿನಲ್ಲಿ ತೂತು’ ಎಂಬ ಒಂದೇ ಹೆಸರು. ಸಾವಿರ ಮಕ್ಕಳು ಹುಟ್ಟಿದರೆ ಅವರಲ್ಲಿ ಎಂಟೊಂಬತ್ತು ಮಕ್ಕಳ ಹೃದಯದ ರಚನೆಯಲ್ಲಿ ಏನಾದರೊಂದು ಊನ ಇರುತ್ತದೆ. ಹೆಚ್ಚಿನವು ನಿಜಕ್ಕೂ ತೂತುಗಳೇ. ಕೆಲವು ತಾವಾಗಿ ಮುಚ್ಚಿಕೊಳ್ಳುತ್ತವೆ, ಕೆಲವನ್ನು ಮುಚ್ಚಬೇಕಾಗುತ್ತದೆ. ಅವುಗಳಲ್ಲಿ ಕರೋನರಿ ನಾಳಗಳ ತಂಟೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಆದರೆ ಕೆಲವು ಊನಗಳನ್ನು ಸರಿಪಡಿಸಬೇಕಾದರೆ ಹೃದಯದ ಮಾಂಸಕ್ಕೆ ರಕ್ತ ಕೊಡುವ ಆ ಸಣ್ಣ ನಾಳಗಳನ್ನೇ ಕಿತ್ತು ಬೇರೆ ಕಡೆ ನೆಡಬೇಕು. ಅವುಗಳಲ್ಲಿ ಮುಖ್ಯವಾದದ್ದು ಮಹಾನಾಳಗಳು ಅದಲುಬದಲಾಗಿ ಹುಟ್ಟುವ ಸ್ಥಿತಿ. ಮೈಗೆಲ್ಲ ಶುದ್ಧ ರಕ್ತ ಒಯ್ಯಬೇಕಾದ ಮಹಾಪಧಮನಿ ಬಲಗಡೆಯ ಕೋಣೆಯಿಂದ ಹೊರಟಿರುತ್ತದೆ, ಶ್ವಾಸಕೋಶಕ್ಕೆ ಹೋಗಬೇಕಾದ ನಾಳ ಎಡಗಡೆಯ ಕೋಣೆಯಿಂದ. ಶುದ್ಧ ರಕ್ತ ಶ್ವಾಸಕೋಶದ ಸುತ್ತಲೇ ಸುತ್ತುತ್ತದೆ, ಅಶುದ್ಧ ರಕ್ತ ಮೈಯಲ್ಲೇ ತಿರುಗುತ್ತದೆ. ಮಗು ನೀಲಿಗಟ್ಟುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಇಂಥ ಮಕ್ಕಳಲ್ಲಿ ಅರ್ಧದಷ್ಟು ಮೊದಲ ತಿಂಗಳಲ್ಲೇ ತೀರಿಹೋಗುತ್ತವೆ, ವರ್ಷ ತುಂಬುವಷ್ಟರಲ್ಲಿ ನೂರಕ್ಕೆ ತೊಂಬತ್ತು. ಮೂರು ನಾಲ್ಕು ಸಾವಿರ ಹೆರಿಗೆಗೆ ಒಂದರಂತೆ ಬರುವ ಊನ ಇದು. 2011ರ ಜನಗಣತಿಯಲ್ಲಿ ಹತ್ತು ಲಕ್ಷದಷ್ಟು ಜನರಿದ್ದ ಚಾಮರಾಜನಗರದಂಥ ಜಿಲ್ಲೆಯಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು. ಅಪರೂಪವಾದ್ದರಿಂದಲೇ ಊರಿನಲ್ಲಿ ಯಾರಿಗೂ ಇದರ ಹಿಂದುಮುಂದು ಗೊತ್ತಿರುವುದಿಲ್ಲ.

ಅದಲುಬದಲಾದದ್ದನ್ನು ಮತ್ತೆ ಅದಲುಬದಲು ಮಾಡಿದರಾಯಿತು ಎಂದು ಯಾರಿಗಾದರೂ ತೋಚುತ್ತದೆ. ಶಸ್ತ್ರವೈದ್ಯರಿಗೂ ತೋಚಿತ್ತು, ಆದರೆ ಬಹಳ ಕಾಲ ಕೈಗೂಡಲಿಲ್ಲ. ಕರೋನರಿ ನಾಳಗಳು ಹುಟ್ಟುವುದು ಮಹಾಪಧಮನಿಯ ಬುಡದಲ್ಲಿ. ಮಹಾನಾಳಗಳನ್ನು ಕತ್ತರಿಸಿ ಬದಲಿಸಿದರೆ ಕರೋನರಿಗಳು ಹಳೆಯ ಬುಡದಲ್ಲೇ ಉಳಿದು ಅಶುದ್ಧ ರಕ್ತ ಕುಡಿಯುತ್ತವೆ. ಅವನ್ನೂ ಎತ್ತಿ ಹೊಸ ಬುಡಕ್ಕೆ ಹೊಲಿಯಬೇಕು. ನವಜಾತ ಶಿಶುವಿನಲ್ಲಿ ಆ ನಾಳದ ಅಗಲ ಒಂದರಿಂದ ಎರಡು ಮಿಲಿಮೀಟರ್. ಹಾಗಾಗಿ 1950ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಸೆನ್ನಿಂಗ್, 1963ರಲ್ಲಿ ಟೊರಾಂಟೊದ ಮಸ್ಟರ್ಡ್ ಸುತ್ತುಬಳಸಿನ ದಾರಿ ಹಿಡಿದರು. ಮಹಾನಾಳಗಳನ್ನು ಮುಟ್ಟದೆ, ಹೃದಯದ ಮೇಲಿನ ಕೋಣೆಗಳಲ್ಲೇ ರಕ್ತದ ಹರಿವನ್ನು ಅಡ್ಡ ತಿರುಗಿಸಿದರು. ಮಕ್ಕಳು ಬದುಕಿದರು. ಆದರೆ ಮೈಗೆಲ್ಲ ರಕ್ತ ನೂಕುವ ಭಾರ ಅದಕ್ಕಾಗಿ ಹುಟ್ಟದ ಬಲಗೋಣೆಯ ಮೇಲೆಯೇ ಬಿತ್ತು, ವರ್ಷಗಳು ಕಳೆದಂತೆ ಅದು ಸೋಲತೊಡಗಿತು. 1975ರಲ್ಲಿ ಬ್ರೆಜಿಲ್‌ನ ಸಾವೊಪಾಲೊದಲ್ಲಿ ಅಡಿಬ್ ಜಟೀನ್ ಎಂಬ ವೈದ್ಯರು ಕರೋನರಿಗಳ ಸಮೇತ ಇಡೀ ಬದಲಾವಣೆ ಮಾಡಿ ಮೊದಲ ಬಾರಿಗೆ ಮಗುವನ್ನು ಉಳಿಸಿದರು. ಇಂದು ಬೆಂಗಳೂರೂ ಸೇರಿದಂತೆ ಎಲ್ಲೆಡೆ ನಡೆಯುವುದು ಅದೇ ಆಪರೇಷನ್. ಸಾಮಾನ್ಯವಾಗಿ ಹುಟ್ಟಿದ ಎರಡು ಮೂರು ವಾರದೊಳಗೆ ಮಾಡುತ್ತಾರೆ. ತಡವಾದರೆ ಎಡಗೋಣೆ ಮೈಗೆ ರಕ್ತ ನೂಕುವ ಕಸುವನ್ನೇ ಕಳೆದುಕೊಂಡಿರುತ್ತದೆ.

ಈ ಆಪರೇಷನ್ನಿನಲ್ಲಿ ಕರೋನರಿಯ ಬಾಯಿಯನ್ನು ಸುತ್ತಲಿನ ಗೋಡೆಯ ಒಂದು ಚೂರಿನ ಸಮೇತ ಕತ್ತರಿಸಿ ತೆಗೆಯುತ್ತಾರೆ. ವೈದ್ಯರು ಅದನ್ನು ಬಟನ್ ಎನ್ನುತ್ತಾರೆ. ಅದನ್ನು ಹೊಸ ಜಾಗಕ್ಕೆ ತಂದು, ಕೂದಲೆಳೆಗಿಂತ ತೆಳುವಾದ ದಾರದಿಂದ ಹೊಲಿಯುತ್ತಾರೆ. ಗುಂಡ್ಲುಪೇಟೆ ಕಡೆ ಹನಿ ನೀರಾವರಿ ಮಾಡಿದ ಯಾವ ರೈತನಿಗಾದರೂ ಇಲ್ಲಿ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಸಾಲಿನ ಪೈಪು ಎರಡು ರೀತಿಯಲ್ಲಿ ಕಟ್ಟುತ್ತದೆ: ವರ್ಷಗಟ್ಟಲೆ ಉಪ್ಪು, ಪಾಚಿ ಕೂತು ಒಳಗಿನಿಂದ ಕಟ್ಟುವುದು ಒಂದು; ದೊಡ್ಡ ಪೈಪಿಗೆ ಸೇರಿಸಿದ ಜಾಗದಲ್ಲೇ ತಿರುಚಿಯೋ ಮಡಚಿಯೋ ನೀರು ನಿಲ್ಲುವುದು ಇನ್ನೊಂದು. ಟೀ ಅಂಗಡಿಯ ಹಿರಿಯರ ಬ್ಲಾಕ್ ಮೊದಲನೆಯ ಬಗೆಯದು. ಈ ಮಕ್ಕಳದು ಎರಡನೆಯದು. ನಾಳ ಕೊಂಚ ತಿರುಚಿಕೊಂಡಿರಬಹುದು. ಹೊಲಿಗೆ ಹಾಕಿದ ಜಾಗ ಗಾಯ ಮಾಯುವಾಗ ಗಟ್ಟಿಯಾಗಿ ಬಾಯಿ ಕಿರಿದಾಗಬಹುದು. ಮಗು ಬೆಳೆದಂತೆ ಮಹಾಪಧಮನಿಯ ಬುಡ ಹಿಗ್ಗಿ ಕರೋನರಿಯನ್ನು ಎಳೆಯಬಹುದು. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಕರೋನರಿ ಸ್ವಲ್ಪ ದೂರ ಮಹಾಪಧಮನಿಯ ಗೋಡೆಯೊಳಗೇ ಹರಿದಿರುತ್ತದೆ, ಇಲ್ಲವೇ ಎರಡರ ಬದಲು ಒಂದೇ ನಾಳ ಇರುತ್ತದೆ. ಅಂಥ ಮಕ್ಕಳಲ್ಲಿ ಅಪಾಯ ಹೆಚ್ಚು.

ಈ ಸಮಸ್ಯೆ ಆ ಒಂದು ಆಪರೇಷನ್ನಿಗಷ್ಟೇ ಸೀಮಿತವಲ್ಲ. ಎಡ ಕರೋನರಿಯೇ ತಪ್ಪಾಗಿ ಶ್ವಾಸಕೋಶದ ನಾಳದಿಂದ ಹುಟ್ಟಿರುವ ಮಕ್ಕಳಿದ್ದಾರೆ. ಹಾಲು ಕುಡಿಯುವಾಗ ಬೆವರುತ್ತವೆ, ಬಿಳಿಚಿಕೊಳ್ಳುತ್ತವೆ, ಅಳುತ್ತವೆ. ಅವರಿಗೂ ನಾಳ ಕಿತ್ತು ನೆಡಬೇಕು. ಕೆಟ್ಟ ಮಹಾಪಧಮನಿ ಕವಾಟದ ಜಾಗಕ್ಕೆ ಮಗುವಿನದೇ ಶ್ವಾಸಕೋಶದ ಕವಾಟ ಕೂರಿಸುವ ರಾಸ್ ಶಸ್ತ್ರಚಿಕಿತ್ಸೆಯಲ್ಲೂ ಹಾಗೆಯೇ.

ಮಹಾನಾಳ ಬದಲಿಸಿದ ಎಷ್ಟು ಮಕ್ಕಳಿಗೆ ಹೀಗಾಗುತ್ತದೆ? ದೊಡ್ಡ ಆಸ್ಪತ್ರೆಗಳ ವರದಿಗಳಲ್ಲಿ ನೂರಕ್ಕೆ ಮೂರರಿಂದ ಎಂಟು. ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಫ್ರಾನ್ಸಿನ ವೈದ್ಯರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಎರಡು ಹಂತ: ಹೆಚ್ಚಿನ ಅನಾಹುತಗಳು ಮೊದಲ ಕೆಲವು ತಿಂಗಳಲ್ಲೇ ಆಗಿಹೋಗುತ್ತವೆ, ಆಮೇಲೆ ವರ್ಷಗಳುದ್ದಕ್ಕೂ ಒಂದೊಂದಾಗಿ ಬರುತ್ತಲೇ ಇರುತ್ತವೆ. ಎಂದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳ ಕರೋನರಿಗಳು ಸರಿಯಾಗಿಯೇ ಇರುತ್ತವೆ. ಅಪ್ಪ ಅಮ್ಮಂದಿರು ಮೊದಲು ತಿಳಿಯಬೇಕಾದದ್ದು ಇದನ್ನೇ. ಉಳಿದವರು ಯಾರು ಎಂಬುದು ಹೊರಗಿನಿಂದ ನೋಡಿ ಗೊತ್ತಾಗುವುದಿಲ್ಲ, ಅಷ್ಟೇ.

ಯಾಕೆ ಗೊತ್ತಾಗುವುದಿಲ್ಲ ಎಂಬುದನ್ನು ಸ್ವಲ್ಪ ವಿವರಿಸಬೇಕು. ದೊಡ್ಡವರಿಗೆ ಹೃದಯಕ್ಕೆ ರಕ್ತ ಸಾಲದಿದ್ದರೆ ಎದೆ ಹಿಂಡುತ್ತದೆ, ಎಡಗೈ ಸೆಳೆಯುತ್ತದೆ, ಆಸ್ಪತ್ರೆಗೆ ಓಡುತ್ತಾರೆ. ಆ ನೋವನ್ನು ಮಿದುಳಿಗೆ ಮುಟ್ಟಿಸುವ ನರಗಳು ಮಹಾನಾಳಗಳ ಜೊತೆಜೊತೆಗೇ ಸಾಗುತ್ತವೆ. ಮಹಾನಾಳಗಳನ್ನು ಕತ್ತರಿಸಿದಾಗ ಅವೂ ತುಂಡಾಗುತ್ತವೆ. ಮುಂದೆ ಭಾಗಶಃ ಬೆಳೆಯಬಹುದು, ಬೆಳೆಯದೆಯೂ ಇರಬಹುದು. ಹೀಗಾಗಿ ಮುಖ್ಯ ಕರೋನರಿ ಪೂರ್ತಿ ಮುಚ್ಚಿದ್ದರೂ ಎದೆನೋವೆಂದು ಒಮ್ಮೆಯೂ ಹೇಳದ ಮಕ್ಕಳಿದ್ದಾರೆ. ಪಕ್ಕದ ಸಣ್ಣ ನಾಳಗಳು ಬೆಳೆದು ಒಂದಿಷ್ಟು ರಕ್ತ ಒದಗಿಸುತ್ತಿರುತ್ತವೆ. ಮಗು ನಡೆಯುವಾಗ, ಓದುವಾಗ, ಊಟ ಮಾಡುವಾಗ ಅದೇ ಸಾಕು. ಖೊಖೊ ಆಡುವಾಗ ಸಾಲದು. ಓಡುತ್ತಾ ಓಡುತ್ತಾ ತಟ್ಟನೆ ಬಿದ್ದರೆ ಶಾಲೆಯಲ್ಲಿ ಏನೆನ್ನುತ್ತಾರೆ? ಬಿಸಿಲಿಗೆ ತಲೆ ಸುತ್ತಿತು, ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ. ನೀರು ಚಿಮುಕಿಸಿ ನೆರಳಲ್ಲಿ ಕೂರಿಸುತ್ತಾರೆ. ಎದೆಯ ನಡುವೆ ಉದ್ದನೆಯ ಹೊಲಿಗೆ ಗುರುತಿರುವ ಮಗು ಓಡುವಾಗ ಎಚ್ಚರ ತಪ್ಪಿ ಬಿದ್ದರೆ, ಬೇರೆ ಕಾರಣ ಗೊತ್ತಾಗುವವರೆಗೂ ಅದು ಹೃದಯದ ತೊಂದರೆ ಎಂದೇ ತಿಳಿದು ಅಂದೇ ಹೃದಯದ ವೈದ್ಯರಿಗೆ ತೋರಿಸಬೇಕು. ಪಿ.ಟಿ. ಮಾಸ್ತರಿಗೆ ಇಷ್ಟು ಗೊತ್ತಿದ್ದರೆ ಸಾಕು, ಉಳಿದ ಶರೀರಶಾಸ್ತ್ರ ಅವರಿಗೆ ಬೇಡ.

ಸುಮ್ಮನೆ ಮಲಗಿಸಿ ತೆಗೆದ ಇಸಿಜಿ, ಎಕೋ ಎರಡೂ ಸರಿಯಾಗಿಯೇ ಬರಬಹುದು. ಎಕೋದಲ್ಲಿ ಹೃದಯದ ಗೋಡೆಯ ಒಂದು ಭಾಗ ಮಂದವಾಗಿ ಬಡಿಯುತ್ತಿರುವುದು ಕಂಡರೆ ಅನುಮಾನ ಮೂಡುತ್ತದೆ. ಸ್ವಲ್ಪ ದೊಡ್ಡ ಮಕ್ಕಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡುತ್ತಾರೆ. ಕರೋನರಿಯ ಬಾಯಿ ಹೇಗಿದೆ ಎಂದು ನೇರವಾಗಿ ತೋರಿಸುವುದು ಸಿ.ಟಿ. ಆಂಜಿಯೊಗ್ರಾಂ. ರಕ್ತ ಎಲ್ಲಿ ಸಾಲುತ್ತಿಲ್ಲ ಎಂದು ತೋರಿಸಲು ಎಂಆರ್‌ಐ ಇದೆ. ಕೊನೆಯ ತೀರ್ಮಾನಕ್ಕೆ ತೊಡೆಯ ನಾಳದಿಂದ ತಂತಿ ತೂರಿಸಿ ಮಾಡುವ ಆಂಜಿಯೊಗ್ರಾಂ. ಕರೋನರಿ ಕಿತ್ತು ನೆಟ್ಟ ಪ್ರತಿ ಮಗುವಿಗೂ ಬೆಳೆಯುವ ವಯಸ್ಸಿನಲ್ಲಿ ಒಮ್ಮೆಯಾದರೂ ಆ ಬಾಯಿಗಳ ಚಿತ್ರ ತೆಗೆಸಬೇಕು ಎಂಬ ವೈದ್ಯರ ಮಾತು ನನಗೆ ಸರಿ ಕಾಣುತ್ತದೆ. ಲಕ್ಷಣ ಕಂಡ ಮೇಲೆ ನೋಡೋಣ ಎನ್ನಲು ಇಲ್ಲಿ ಲಕ್ಷಣಗಳನ್ನೇ ನಂಬುವಂತಿಲ್ಲ.

ಕಿರಿದಾಗಿದೆ ಎಂದು ಗೊತ್ತಾಯಿತು ಎನ್ನೋಣ. ಮುಂದೇನು? ಮೊದಲ ಪ್ರಶ್ನೆ, ಏನಾದರೂ ಮಾಡಲೇಬೇಕೇ ಎಂಬುದು. ಬಾಯಿ ಕೊಂಚ ಸಣ್ಣದಾಗಿದ್ದು, ಓಡಿಸಿ ನೋಡಿದರೂ ಹೃದಯಕ್ಕೆ ರಕ್ತದ ಕೊರತೆ ಕಾಣದಿದ್ದರೆ ಔಷಧ ಕೊಟ್ಟು ಕಾಯುತ್ತಾರೆ. ಕೊರತೆ ಕಂಡರೆ ಮೂರು ದಾರಿ.

ಸ್ಟೆಂಟ್ ಎಲ್ಲರಿಗೂ ಗೊತ್ತಿರುವ ದಾರಿ. 1977ರಲ್ಲಿ ಜ್ಯೂರಿಕ್‌ನಲ್ಲಿ ಗ್ರೂನ್‌ಟ್ಸಿಗ್ ಎಂಬ ವೈದ್ಯರು ಬಲೂನಿನಿಂದ ಕರೋನರಿ ಹಿಗ್ಗಿಸಿದ ದಿನದಿಂದ ದೊಡ್ಡವರ ಪಾಲಿಗೆ ಎದೆ ಸೀಳದ ಚಿಕಿತ್ಸೆ ಬಂತು. ಅದನ್ನೇ ಮಗುವಿಗೆ ಮಾಡಿಬಿಡಿ ಎಂದು ಅಪ್ಪ ಅಮ್ಮ ಕೇಳುವುದು ಸಹಜ. ಒಮ್ಮೆ ಎದೆ ಸೀಳಿದ್ದನ್ನು ಕಂಡವರು ಮತ್ತೊಮ್ಮೆ ಒಪ್ಪುವುದು ಕಷ್ಟ. ಆದರೆ ಸ್ಟೆಂಟ್ ಲೋಹದ ಜಾಲರಿ, ಅದು ಬೆಳೆಯುವುದಿಲ್ಲ. ಮಗು ಬೆಳೆಯುತ್ತದೆ. ಮೂರು ವರ್ಷದ ಮಗುವಿಗೆ ಕೂರಿಸಿದ ಎರಡೂವರೆ ಮಿಲಿಮೀಟರ್ ಸ್ಟೆಂಟನ್ನು ಮುಂದೆ ದೊಡ್ಡ ಬಲೂನಿನಿಂದ ಸ್ವಲ್ಪ ಹಿಗ್ಗಿಸಬಹುದು, ಆದರೆ ಪ್ರತಿ ಸ್ಟೆಂಟಿಗೂ ಅದರದೇ ಮಿತಿ ಇದೆ. ಬರಿಯ ಬಲೂನು ಹಿಗ್ಗಿಸಿ ಬಿಟ್ಟರೆ, ತಿರುಚಿದ ಇಲ್ಲವೇ ಎಳೆದುಕೊಂಡ ನಾಳ ಮತ್ತೆ ಮೊದಲಿನ ಸ್ಥಿತಿಗೆ ಮರಳುವುದೇ ಹೆಚ್ಚು. ಸ್ಟೆಂಟಿನೊಳಗೆ ಮಾಂಸ ಬೆಳೆದು ಮತ್ತೆ ಕಟ್ಟಬಹುದು. ಔಷಧ ಲೇಪಿಸಿದ ಸ್ಟೆಂಟ್ ಅದನ್ನು ತಡೆಯಲು ನೋಡುತ್ತದೆ. ಇಷ್ಟರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮಾತ್ರೆಗಳನ್ನು ದಿನ ತಪ್ಪದೆ ಕೊಡಬೇಕು. ಮಾತ್ರೆ ಮುರಿದು, ಪುಡಿಮಾಡಿ, ಉಗುಳುವ ಮಗುವಿನ ಬಾಯಿಗೆ ವರ್ಷಗಟ್ಟಲೆ ಹಾಕುವ ಕೆಲಸ ಅಮ್ಮನದು. ಊರಹಬ್ಬಕ್ಕೆ ಹೋದಾಗ ಮಾತ್ರೆ ಮನೆಯಲ್ಲೇ ಮರೆತುಬಂದರೆ ಸ್ಟೆಂಟೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಇಷ್ಟೆಲ್ಲ ಇದ್ದರೂ ಸ್ಟೆಂಟ್ ಜೀವ ಉಳಿಸುವ ಸಂದರ್ಭವೊಂದಿದೆ. ಆಪರೇಷನ್ ಮುಗಿದ ಕೆಲವೇ ದಿನದಲ್ಲಿ ನಾಳ ಮಡಚಿ ಹೃದಯ ಸೋಲುತ್ತಿದ್ದರೆ, ಮತ್ತೆ ಎದೆ ತೆರೆಯುವಷ್ಟು ತ್ರಾಣ ಮಗುವಿಗೆ ಇಲ್ಲದಿದ್ದರೆ, ಆಗ ಅದೇ ಆಸರೆ. ಇಂದು ಉಳಿದರೆ ನಾಳೆಯ ಮಾತು ನಾಳೆಗೆ.

ಎರಡನೆಯದು, ಎದೆ ತೆರೆದು ಕಿರಿದಾದ ಬಾಯಿಯನ್ನೇ ಅಗಲ ಮಾಡುವುದು. ಬಾಯಿಯಿಂದ ಆರಂಭಿಸಿ ನಾಳವನ್ನು ಉದ್ದಕ್ಕೆ ಸೀಳಿ, ಮಗುವಿನ ಹೃದಯದ ಹೊರಪೊರೆಯದೇ ಒಂದು ಚೂರನ್ನು ತೇಪೆಯಾಗಿ ಹೊಲಿಯುತ್ತಾರೆ. ರಕ್ತ ತನ್ನ ಸಹಜ ದಾರಿಯಲ್ಲೇ ಹರಿಯುತ್ತದೆ, ಲೋಹ ಒಳಗೆ ಉಳಿಯುವುದಿಲ್ಲ. ಹಳೆಯ ಆಪರೇಷನ್ನಿನಿಂದ ಎಲ್ಲ ಅಂಟಿಕೊಂಡಿರುವ ಎದೆಯಲ್ಲಿ ಅಲ್ಲಿಗೆ ತಲುಪುವುದೇ ಸಾಹಸ, ಎಲ್ಲ ಶಸ್ತ್ರವೈದ್ಯರಿಗೂ ಒಗ್ಗಿದ ಕೆಲಸವಲ್ಲ. ಆದರೆ ತೊಂದರೆ ಬಾಯಿಯಲ್ಲಿ ಮಾತ್ರ ಇದ್ದರೆ ಬೆಳೆಯುವ ಮಗುವಿಗೆ ಇದೇ ಒಳ್ಳೆಯದು ಎಂದು ಅನುಭವಿ ತಂಡಗಳು ಭಾವಿಸುತ್ತವೆ.

ಮೂರನೆಯದು ಬೈಪಾಸ್. ಇಲ್ಲಿ ಜಪಾನಿನವರ ಋಣ ದೊಡ್ಡದು. 1967ರಲ್ಲಿ ಟೊಮಿಸಾಕು ಕವಾಸಾಕಿ ಎಂಬ ಮಕ್ಕಳ ವೈದ್ಯರು ಮೊದಲು ವಿವರಿಸಿದ ಜ್ವರವೊಂದಿದೆ. ಅದು ಪುಟ್ಟ ಮಕ್ಕಳ ಕರೋನರಿಗಳನ್ನು ಹಾಳುಮಾಡುತ್ತದೆ. ಅಂಥ ಮಕ್ಕಳಿಗೆ ಬೈಪಾಸ್ ಮಾಡುತ್ತಾ ಬಂದ ಕಿಟಮುರಾ ಮತ್ತು ಸಂಗಡಿಗರು 114 ಮಕ್ಕಳ ಇಪ್ಪತ್ತೈದು ವರ್ಷದ ಕಥೆಯನ್ನು 2009ರಲ್ಲಿ ಪ್ರಕಟಿಸಿದರು. ಕಾಲಿನಿಂದ ತೆಗೆದು ಜೋಡಿಸಿದ ರಕ್ತನಾಳಗಳಲ್ಲಿ ಇಪ್ಪತ್ತು ವರ್ಷದ ಬಳಿಕ ತೆರೆದಿದ್ದವು ನೂರಕ್ಕೆ 44. ಎದೆಗೂಡಿನ ಒಳಗೋಡೆಯ ಅಪಧಮನಿಯನ್ನು ತಿರುಗಿಸಿ ಜೋಡಿಸಿದ್ದರೆ ನೂರಕ್ಕೆ 87. ಈ ನಾಳ ಜೀವಂತ. ಮಗು ಉದ್ದವಾದಂತೆ ಅದೂ ಉದ್ದವಾಗುತ್ತದೆ, ಅಗಲವಾಗುತ್ತದೆ. ಹುಟ್ಟೂನದ ಮಕ್ಕಳಿಗೂ ವೈದ್ಯರು ಇದನ್ನೇ ಆರಿಸಿಕೊಂಡದ್ದು ಈ ಅನುಭವದಿಂದ. ಒಂದು ತೊಡಕಿದೆ: ಮೂಲ ನಾಳದಲ್ಲಿ ಇನ್ನೂ ಸಾಕಷ್ಟು ರಕ್ತ ಹರಿಯುತ್ತಿದ್ದರೆ ಹೊಸದಾಗಿ ಜೋಡಿಸಿದ್ದು ಕೆಲಸವಿಲ್ಲದೆ ಸೊರಗಿಹೋಗುತ್ತದೆ. ಬೇಗ ಮಾಡಿದರೆ ವ್ಯರ್ಥ, ತಡಮಾಡಿದರೆ ಹೃದಯದ ಮಾಂಸ ಸತ್ತಿರುತ್ತದೆ. ಆ ಹೊತ್ತನ್ನು ಗುರುತಿಸಲು ಮಗು ಒಂದೇ ವೈದ್ಯರ ಕಣ್ಣ ಮುಂದೆ ವರ್ಷ ವರ್ಷವೂ ಬರುತ್ತಿರಬೇಕು.

ಬರುವುದಿಲ್ಲ. ತೊಡಕೆಲ್ಲ ಇಲ್ಲಿದೆ.

ಆಪರೇಷನ್ನಿಗೆ ದುಡ್ಡಿಲ್ಲದೆ ಮಗು ಕಳೆದುಕೊಳ್ಳುತ್ತಿದ್ದ ಕಾಲ ನಮ್ಮ ಕಡೆ ಬಹುಮಟ್ಟಿಗೆ ಹಿಂದೆ ಸರಿದಿದೆ. ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆ 2001ರಿಂದ ಬಿಲ್ಲೇ ಇಲ್ಲದೆ ಹೃದಯ ಚಿಕಿತ್ಸೆ ನಡೆಸಿದೆ. 2003ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಬಂತು. ಸಹಕಾರ ಸಂಘದ ರೈತ ತಿಂಗಳಿಗೆ ಐದು ರೂಪಾಯಿ ಕಟ್ಟಿ ನಾರಾಯಣ ಹೃದಯಾಲಯದಂಥ ಕಡೆ ಆಪರೇಷನ್ ಮಾಡಿಸಿಕೊಳ್ಳುವಂತಾಯಿತು. 2018ರಲ್ಲಿ ನಿಂತಿದ್ದ ಆ ಯೋಜನೆ 2023ರಿಂದ ಮತ್ತೆ ನಡೆಯುತ್ತಿದೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡುತ್ತವೆ. ಹುಡುಕಿ, ಬೆಂಗಳೂರಿಗೆ ಕಳಿಸಿ, ಆಪರೇಷನ್ ಮಾಡಿಸುವವರೆಗೂ ಸರ್ಕಾರ ಜೊತೆಗಿದೆ.

ಆಮೇಲೆ? ಡಿಸ್ಚಾರ್ಜ್ ಹಾಳೆಯ ಕೊನೆಯಲ್ಲಿ ಆರು ತಿಂಗಳಿಗೆ ಬನ್ನಿ ಎಂದು ಬರೆದಿರುತ್ತದೆ. ಮೊದಲ ವರ್ಷ ಹೋಗುತ್ತಾರೆ. ತೆರಕಣಾಂಬಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಗುಂಡ್ಲುಪೇಟೆ, ಅಲ್ಲಿಂದ ಬೇಗೂರು, ನಂಜನಗೂಡು ದಾಟಿ ಮೈಸೂರು ಇನ್ನೂ ಅರವತ್ತು, ಮೈಸೂರಿನಿಂದ ಬೆಂಗಳೂರು ನೂರ ನಲವತ್ತರ ಮೇಲೆ. ಹೋಗಿ ಬರುವುದೆಂದರೆ ಅಪ್ಪ ಅಮ್ಮ ಇಬ್ಬರಿಗೂ ಎರಡು ದಿನದ ಕೂಲಿ ಹೋಯಿತು. ಆಪರೇಷನ್ನಿನ ಬಿಲ್ಲನ್ನು ಸರ್ಕಾರ ಕಟ್ಟುತ್ತದೆ, ಆ ಕೂಲಿಯನ್ನು ಯಾರೂ ಕಟ್ಟುವುದಿಲ್ಲ. ಅಷ್ಟರಲ್ಲಿ ಮಗುವಿನ ತುಟಿ ಕೆಂಪಾಗಿದೆ, ಮೈ ತುಂಬಿದೆ, ಹುಲಗನಮುರಡಿ ಬೆಟ್ಟದ ಮೆಟ್ಟಿಲನ್ನು ಎಲ್ಲರಿಗಿಂತ ಮೊದಲು ಹತ್ತುತ್ತದೆ. ಆಶಾ ಕಾರ್ಯಕರ್ತೆ ಕೇಳಿದರೆ ಅಮ್ಮ ಹೇಳುವುದು ಒಂದೇ: ‘ಮೊಗ ಚೆನ್ನಾಗೇ ಅದ ಕಣಕ್ಕ.’ ಅವಳು ಸುಳ್ಳು ಹೇಳುತ್ತಿಲ್ಲ. ಕಣ್ಣಿಗೆ ಕಾಣುವಷ್ಟನ್ನು ಹೇಳುತ್ತಿದ್ದಾಳೆ.

ತೆರಕಣಾಂಬಿ ಮಾರುಕಟ್ಟೆಯ ತರಕಾರಿ ಲಾರಿಗಳು ಕೇರಳಕ್ಕೆ ಹೋಗುತ್ತವೆ. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ಕ್ಕೆ ಸಂಚಾರ ನಿಲ್ಲುವ ಮೊದಲು ಕಾಡು ದಾಟಿಕೊಳ್ಳುತ್ತವೆ. ಕಾಡಿನಾಚೆಯ ಆ ರಾಜ್ಯ 2017ರಲ್ಲಿ ‘ಹೃದ್ಯಂ’ ಎಂಬ ಯೋಜನೆ ಆರಂಭಿಸಿತು. ಹೃದಯದ ಊನವಿರುವ ಪ್ರತಿ ಮಗುವಿನ ಹೆಸರೂ ರಾಜ್ಯದ ಒಂದೇ ಪಟ್ಟಿಯಲ್ಲಿ ಕಂಪ್ಯೂಟರಿಗೆ ಸೇರುತ್ತದೆ. ಆಪರೇಷನ್ ಆದ ಮೇಲೂ ಹೆಸರು ಅಳಿಯುವುದಿಲ್ಲ, ಮನೆಗೆ ಮರಳಿದ ಮಗುವನ್ನು ಊರಿನ ಆರೋಗ್ಯ ಸಿಬ್ಬಂದಿ ಗಮನಿಸುತ್ತಾರೆ. ನಮ್ಮಲ್ಲಿ ಹುಡುಕುವ ತಂಡ ಇದೆ, ಆಪರೇಷನ್ ಮಾಡುವ ಕೈಗಳಿವೆ, ದುಡ್ಡು ಕಟ್ಟುವ ಯೋಜನೆ ಇದೆ. ಅಂಥದೊಂದು ಪಟ್ಟಿ ಇಟ್ಟುಕೊಳ್ಳುವುದು ಇವುಗಳ ಮುಂದೆ ಅಗ್ಗದ ಕೆಲಸ. ಮೈಸೂರಿನಲ್ಲಿ ಜಯದೇವದ ಶಾಖೆ ಇರುವಾಗ, ಎಕೋ ಮತ್ತು ಟ್ರೆಡ್‌ಮಿಲ್‌ಗೆ ಈ ಭಾಗದ ಮಕ್ಕಳನ್ನು ಬೆಂಗಳೂರಿಗೇ ಓಡಿಸಬೇಕಾದ ಅಗತ್ಯವೂ ನನಗೆ ಕಾಣುವುದಿಲ್ಲ; ತಿಂಗಳಲ್ಲಿ ಒಂದು ದಿನ ಆಪರೇಷನ್ ಆದ ಮಕ್ಕಳಿಗೆಂದೇ ಮೀಸಲಿಟ್ಟರೆ ಅರ್ಧ ದಾರಿ ಉಳಿಯುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕು ಇದೆ, ಹಳ್ಳಿಗಳಲ್ಲಿ ಅದು ಗುಟ್ಟೇನಲ್ಲ. ಮಗಳು ದೊಡ್ಡವಳಾಗುತ್ತಿದ್ದಂತೆ ಎದೆಯ ಹೊಲಿಗೆಯ ಮಾತು ಮನೆಯಲ್ಲಿ ನಿಲ್ಲುತ್ತದೆ. ಸಂಬಂಧ ನೋಡಲು ಬಂದವರಿಗೆ ತಿಳಿಯಬಾರದೆಂದು ಫೈಲು ಟ್ರಂಕಿನ ತಳ ಸೇರುತ್ತದೆ, ಕೆಲವೊಮ್ಮೆ ಒಲೆಗೂ ಬೀಳುತ್ತದೆ. ಗಂಡನ ಮನೆಯವರಿಗೆ ಗೊತ್ತಿಲ್ಲದ್ದು ಅಲ್ಲಿನ ವೈದ್ಯರಿಗೂ ಗೊತ್ತಾಗುವುದಿಲ್ಲ. ಬಸಿರಿನಲ್ಲಿ ಹೃದಯ ನೂಕಬೇಕಾದ ರಕ್ತ ನೂರಕ್ಕೆ ಮೂವತ್ತರಿಂದ ಐವತ್ತರಷ್ಟು ಹೆಚ್ಚಾಗುತ್ತದೆ. ಕಿರಿದಾದ ಕರೋನರಿ ಅಷ್ಟು ದಿನ ಸುಮ್ಮನಿದ್ದು ಆಗ ತೊಂದರೆ ಕೊಡಬಹುದು. ಮದುವೆಗೆ ಮುಂಚೆ, ತಪ್ಪಿದರೆ ಬಸಿರಾಗುವ ಮುಂಚೆ ಒಂದು ಸಿ.ಟಿ. ಆಂಜಿಯೊಗ್ರಾಂ ಆಗಿ, ಕರೋನರಿಯ ಬಾಯಿಗಳು ತೆರೆದಿವೆ, ಹೃದಯ ಸರಿಯಾಗಿ ಬಡಿಯುತ್ತಿದೆ ಎಂದು ಖಾತ್ರಿಯಾದರೆ, ಈ ಆಪರೇಷನ್ ಆದ ಬಹುಪಾಲು ಹುಡುಗಿಯರು ಎಲ್ಲರಂತೆ ತಾಯಿಯಾಗುತ್ತಾರೆ. ಹೆರಿಗೆಗೆ ಹೋಗುವಾಗ ತಾಯಿ ಕಾರ್ಡಿನ ಜೊತೆ ಆ ಹಳೆಯ ಡಿಸ್ಚಾರ್ಜ್ ಹಾಳೆಯ ಜೆರಾಕ್ಸ್ ಇರಲಿ. ಅದರಲ್ಲಿ ಬರೆದಿರುವ ಆಪರೇಷನ್ನಿನ ಹೆಸರನ್ನು ಓದಿದರೆ ಹೆರಿಗೆ ವೈದ್ಯರು ಹೃದಯದ ವೈದ್ಯರನ್ನು ತಾವೇ ಕರೆಸಿಕೊಳ್ಳುತ್ತಾರೆ.